ಮಕ್ಕಳ ವಾರ್ಡಿನಲ್ಲಿ ಆಸ್ಪತ್ರೆ ಸೋಂಕನ್ನು ತಡೆಯುವುದು: ಪೋಸ್ಟಿಂಗ್‌ಗೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಿಗೆ

ಜೇವರ್ಗಿ ಕಡೆಯ ಹಳ್ಳಿಯೊಂದರಿಂದ ನ್ಯುಮೋನಿಯಾ ಎಂದು ಬಂದು ಕಲಬುರಗಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ದಾಖಲಾದ ಎಂಟು ತಿಂಗಳ ಮಗುವಿಗೆ ನಾಲ್ಕನೆಯ ದಿನ ಭೇದಿ ಶುರುವಾಯಿತು ಎಂದು ಇಟ್ಟುಕೊಳ್ಳೋಣ. ಉಸಿರಾಟ ಸುಧಾರಿಸುತ್ತಿದೆ, ಜ್ವರ ಇಳಿದಿದೆ, ಆದರೆ ಈಗ ನೀರಿನಂಥ ಮಲ. ಇಂಜೆಕ್ಷನ್ ಉಷ್ಣವಾಗಿರಬೇಕು ಎಂದು ಅಜ್ಜಿ ಹೇಳುತ್ತಾರೆ. ಆಂಟಿಬಯಾಟಿಕ್‌ನಿಂದಲೂ ಭೇದಿ ಆಗುವುದುಂಟು, ಹಾಗಾಗಿ ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಪಕ್ಕದ ಹಾಸಿಗೆಯಲ್ಲಿ ಮೊದಲಿನಿಂದಲೇ ಭೇದಿಯ ಮಗುವೊಂದು ಮಲಗಿದ್ದರೆ, ನರ್ಸಿಂಗ್ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆ ಬೇರೆ: ಈ ಎರಡು ಹಾಸಿಗೆಗಳ ನಡುವೆ ಯಾರ ಕೈ ಓಡಾಡಿತು?

ಆಸ್ಪತ್ರೆಗೆ ಸೇರುವಾಗ ಇರದಿದ್ದ, ಆಗ ಮೈಯೊಳಗೆ ಮೊಳೆಯುತ್ತಲೂ ಇರದಿದ್ದ ಸೋಂಕು, ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ ಅದನ್ನು ಆಸ್ಪತ್ರೆಯಲ್ಲಿ ತಗುಲಿದ ಸೋಂಕೆಂದು ಪರಿಗಣಿಸುವುದು ವಾಡಿಕೆ. ಶಸ್ತ್ರಚಿಕಿತ್ಸೆಯ ಗಾಯದ ವಿಷಯದಲ್ಲಿ ಈ ಲೆಕ್ಕ 30 ದಿನಗಳವರೆಗೆ, ಮೈಯೊಳಗೆ ಕೃತಕ ಸಾಧನವನ್ನು ಕೂಡಿಸಿದ್ದರೆ 90 ದಿನಗಳವರೆಗೆ ಹೋಗುತ್ತದೆ. ಇಷ್ಟನ್ನು ಪರೀಕ್ಷೆಯಲ್ಲಿ ಬರೆಯದ ವಿದ್ಯಾರ್ಥಿ ಇರಲಾರರು. ಆದರೆ 48 ಗಂಟೆ ಎಂಬುದು ಕೆಲಸಕ್ಕಾಗಿ ಇಟ್ಟುಕೊಂಡ ಅಳತೆ ಮಾತ್ರ. ವಾರ್ಡಿನಲ್ಲಿ ದಡಾರ ತಗುಲಿದ ಮಗುವಿಗೆ ಜ್ವರ ಬರುವುದು ಸುಮಾರು ಹತ್ತು ದಿನಗಳ ನಂತರ, ಮೈಮೇಲೆ ದದ್ದು ಏಳುವುದು ಹದಿನಾಲ್ಕನೆಯ ದಿನದ ಹೊತ್ತಿಗೆ. ಅಷ್ಟರಲ್ಲಿ ಮಗು ಊರು ಸೇರಿರುತ್ತದೆ, ಆ ಸೋಂಕು ವಾರ್ಡಿನ ಯಾವ ರಿಜಿಸ್ಟರಿಗೂ ಬರುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ದಾಖಲಾದ ಸೋಂಕುಗಳಷ್ಟೇ ವಾರ್ಡಿನಲ್ಲಿ ಆದ ಸೋಂಕುಗಳು ಎಂದು ತಿಳಿಯಬಾರದು.

ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಮತ್ತು ಸೋಂಕು ನಿಯಂತ್ರಣವನ್ನು ಮೂರನೆಯ ಸೆಮಿಸ್ಟರಿನಲ್ಲಿ ಓದುತ್ತೀರಿ, ಮಕ್ಕಳ ಶುಶ್ರೂಷೆಗೆ ಬರುವುದು ಐದನೆಯ ಸೆಮಿಸ್ಟರಿನಲ್ಲಿ. ನಡುವಿನ ಅಂತರದಲ್ಲಿ ಓದಿದ್ದು ಉತ್ತರ ಪತ್ರಿಕೆಯ ಭಾಷೆಯಾಗಿ ಉಳಿದುಬಿಡುತ್ತದೆ. ಸೋಂಕಿನ ಅರಿವು ಎಂದರೆ ವ್ಯಾಖ್ಯೆಯನ್ನು ಒಪ್ಪಿಸುವುದಲ್ಲ, ಮಗುವಿನ ಕಡೆಗೆ ಕೈ ಚಾಚುವ ಪ್ರತಿ ಸಲವೂ 'ನನ್ನ ಕೈ ಈಗ ಎಲ್ಲಿಂದ ಬಂತು' ಎಂಬುದನ್ನು ತಿಳಿದಿರುವುದು ಎಂಬ ಅಭಿಪ್ರಾಯದಿಂದಲೇ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ

ತಾಯಿಯ ರಕ್ಷಕ ಪ್ರತಿಕಾಯಗಳು ಮಗುವಿಗೆ ದಾಟುವುದು ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಆ ಪಾಲು ಸಿಕ್ಕಿರುವುದಿಲ್ಲ, ಅದರ ಚರ್ಮವೂ ತೆಳು. ಅಂಟುಪಟ್ಟಿ ಕೀಳುವಾಗ ಸುಲಿದರೆ ಅಲ್ಲೇ ಬಾಗಿಲು ತೆರೆದಂತೆ. ದಡಾರದ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ ಸಿಗುವುದರಿಂದ, ಅದಕ್ಕಿಂತ ಚಿಕ್ಕ ಮಕ್ಕಳು ವಾರ್ಡಿನಲ್ಲಿ ಲಸಿಕೆಯ ರಕ್ಷಣೆ ಇಲ್ಲದೆಯೇ ಮಲಗಿರುತ್ತಾರೆ. ನಮ್ಮ ಭಾಗದಲ್ಲಿ ಇದರ ಜೊತೆಗೆ ಅಪೌಷ್ಟಿಕತೆಯೂ ಸೇರುತ್ತದೆ. ಯಾದಗಿರಿ, ಸುರಪುರ, ಚಿಂಚೋಳಿ, ಔರಾದ ಕಡೆಗಳಿಂದ ಬರುವ ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆಯ ಮಗು ಇದ್ದರೆ ಅದರ ಮೈ ಸೋಂಕಿನೊಡನೆ ಹೋರಾಡುವ ಶಕ್ತಿ ಕಳೆದುಕೊಂಡಿರುತ್ತದೆ. ಎಷ್ಟೋ ಬಾರಿ ಜ್ವರವನ್ನು ತೋರಿಸುವ ಶಕ್ತಿಯೂ ಅದಕ್ಕೆ ಇರುವುದಿಲ್ಲ.

ಇನ್ನೊಂದು ಕಾರಣ ದೇಹದ್ದಲ್ಲ, ಆರೈಕೆಯದು. ದೊಡ್ಡ ರೋಗಿ ತಾನೇ ಉಣ್ಣುತ್ತಾನೆ, ತಾನೇ ಶೌಚಕ್ಕೆ ಹೋಗುತ್ತಾನೆ. ಮಗುವನ್ನು ಎತ್ತುವುದು, ಉಣಿಸುವುದು, ಒರೆಸುವುದು, ಮೂತ್ರದ ಬಟ್ಟೆ ಬದಲಿಸುವುದು, ಅತ್ತಾಗ ಭುಜಕ್ಕೆ ಹಾಕಿಕೊಳ್ಳುವುದು ಎಲ್ಲವೂ ಬೇರೆಯವರ ಕೈಯಿಂದ ಆಗಬೇಕು. ಆ ಬೇರೆಯವರಲ್ಲಿ ತಾಯಿ, ಆಯಾ, ಸ್ಟಾಫ್ ನರ್ಸ್, ವೈದ್ಯರು, ಇಂಟರ್ನ್‌ಗಳು ಇದ್ದಾರೆ. ಅವರ ಜೊತೆಗೆ ಒಂದೇ ಮಗುವಿನ ಕೇಸ್ ತೆಗೆದುಕೊಳ್ಳಲು ಸಾಲುಗಟ್ಟಿ ನಿಲ್ಲುವ ವಿದ್ಯಾರ್ಥಿಗಳಿದ್ದಾರೆ. ಕಲಿಸುವ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳ ಕೈಯೂ ಸೋಂಕಿನ ಒಂದು ದಾರಿ ಎಂಬುದು ಹೊಸ ಮಾತೇನಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಗಮನಿಸಿದ್ದು ಇದನ್ನೇ: ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಬರುವ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಹೆಚ್ಚು, ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗದಲ್ಲಿ ಕಡಿಮೆ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ, ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ವಾರ್ಡಿಗೆ ಕಾಲಿಡುವ ಮೊದಲು

ಮೊಣಕೈಯಿಂದ ಕೆಳಗೆ ಏನೂ ಇರಬಾರದು ಎಂಬ ನಿಯಮ ಹೇಳಲು ಸುಲಭ. ಉಂಗುರ, ಕೈಗಡಿಯಾರ, ರಾಖಿ, ದರ್ಗಾದ ದಾರ, ದೇವರ ಕಂಕಣ, ಎಲ್ಲಕ್ಕಿಂತ ಹೆಚ್ಚಾಗಿ ಗಾಜಿನ ಬಳೆ, ಇವುಗಳ ಅಡಿಯಲ್ಲಿ ಸಾಬೂನು ತಲುಪುವುದಿಲ್ಲ. ಮದುವೆಯಾದ ವಿದ್ಯಾರ್ಥಿನಿಯರಿಗೆ ಬಳೆ ತೆಗೆಯುವುದು ಮನೆಯಲ್ಲಿ ಮಾತಿಗೆ ಕಾರಣವಾಗುವ ವಿಷಯ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಡ್ಯೂಟಿಯ ಹೊತ್ತಿನಲ್ಲಿ ತೆಗೆದು ಲಾಕರಿನಲ್ಲಿಟ್ಟು, ಹೊರಡುವಾಗ ಮತ್ತೆ ಹಾಕಿಕೊಳ್ಳುವ ರೂಢಿ ಮಾಡಿಕೊಳ್ಳಬಹುದು. ಮಗುವಿನ ನಾಡಿ ಎಣಿಸಲು ಗಡಿಯಾರವನ್ನು ಎದೆಗೆ ಪಿನ್ ಮಾಡಿಕೊಳ್ಳಬಹುದು. ಉಗುರು ಕತ್ತರಿಸಿರಬೇಕು, ಬಣ್ಣ ಬೇಡ. ಕೈಯಲ್ಲಿ ಗಾಯವಿದ್ದರೆ ನೀರು ಹೋಗದ ಪಟ್ಟಿ ಹಚ್ಚಿರಬೇಕು. ನಿಮಗೇ ನೆಗಡಿ, ಜ್ವರ, ಭೇದಿ ಇದ್ದಾಗ ಹಾಜರಾತಿ ಹೋದೀತೆಂಬ ಭಯದಿಂದ ನವಜಾತ ಶಿಶುಗಳ ಘಟಕಕ್ಕೆ ಹೋಗುವುದು ಶಿಸ್ತಲ್ಲ. ಮೇಡಂಗೆ ತಿಳಿಸಿ ಬೇರೆ ಕೆಲಸ ಕೇಳಿಕೊಳ್ಳುವುದೇ ಶಿಸ್ತು.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು, ಅಂದರೆ ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಮೊದಲ ಕ್ಲಿನಿಕಲ್ ಪೋಸ್ಟಿಂಗ್‌ಗೆ ಮುನ್ನವೇ ಮುಗಿದಿದ್ದರೆ ಒಳ್ಳೆಯದು. ಚಿಕ್ಕಂದಿನಲ್ಲಿ ದಡಾರ ಅಥವಾ ಚಿಕನ್‌ಪಾಕ್ಸ್ ಆಗಿತ್ತೇ, ಅವುಗಳ ಲಸಿಕೆ ಹಾಕಿಸಿದ್ದಾರೆಯೇ ಎಂದು ಮನೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅಂಥ ಮಗು ದಾಖಲಾದಾಗ ಯಾರನ್ನು ಅದರ ಬಳಿ ಕಳಿಸಬೇಕು ಎಂದು ನಿರ್ಧರಿಸಲು ಆ ಮಾಹಿತಿ ಬೇಕಾಗುತ್ತದೆ.

ಐದು ಸಂದರ್ಭಗಳು, ಒಂದೇ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳು ಎಲ್ಲ ಆಸ್ಪತ್ರೆಗಳ ಗೋಡೆಗಳ ಮೇಲೂ ಇವೆ: ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ವಿಧಾನದ ಕೆಲಸಕ್ಕೆ ಮೊದಲು, ದೇಹದ ದ್ರವಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಮಕ್ಕಳ ವಾರ್ಡಿನಲ್ಲಿ ಇವುಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಮೊದಲನೆಯದು ಮತ್ತು ಐದನೆಯದು. ಮಲ ಮೂತ್ರ ತಗುಲಿದ ಮೇಲೆ ಯಾರೂ ಹೇಳದಿದ್ದರೂ ಕೈ ತೊಳೆಯುತ್ತೇವೆ, ಏಕೆಂದರೆ ಅದು ನಮ್ಮನ್ನು ಕಾಯುತ್ತದೆ. ಮುಟ್ಟುವ ಮೊದಲು ತೊಳೆಯುವುದು ಮಗುವನ್ನು ಕಾಯುತ್ತದೆ, ಅದನ್ನೇ ಮರೆಯುತ್ತೇವೆ. ಹಾಸಿಗೆಯ ಕಂಬಿ, ಸಲೈನ್ ಸ್ಟ್ಯಾಂಡಿನ ಗುಂಡಿ, ಮಾನಿಟರಿನ ಬಟನ್ ಮುಟ್ಟಿ ಬಂದ ಕೈ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಆದರೆ ಕ್ಲೆಬ್ಸಿಯೆಲ್ಲಾ, ಅಸಿನಿಟೊಬ್ಯಾಕ್ಟರ್, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಇಂಥ ಕೈಗಳ ಮೇಲೆಯೇ ಪ್ರಯಾಣ ಮಾಡುತ್ತವೆ. ಅಸಿನಿಟೊಬ್ಯಾಕ್ಟರ್ ಅಂತೂ ಒಣಗಿದ ಮೇಲ್ಮೈಯಲ್ಲೂ ಬಹಳ ದಿನ ಬದುಕಿರಬಲ್ಲದು.

ಕೈಗೆ ಕಣ್ಣಿಗೆ ಕಾಣುವ ಕೊಳೆ ಇಲ್ಲದಿದ್ದರೆ ಆಲ್ಕೋಹಾಲ್ ಹ್ಯಾಂಡ್‌ರಬ್ ಸಾಕು, ಅದೇ ಹೆಚ್ಚು ಪರಿಣಾಮಕಾರಿ: ಅಂಗೈ ತುಂಬುವಷ್ಟು ಹಾಕಿಕೊಂಡು, ಅಂಗೈ, ಮುಂಗೈ, ಬೆರಳ ಸಂದುಗಳು, ಹೆಬ್ಬೆರಳು, ಬೆರಳ ತುದಿಗಳಿಗೆ ತಲುಪುವಂತೆ 20ರಿಂದ 30 ಸೆಕೆಂಡು ಉಜ್ಜಿ, ತಾನಾಗಿ ಒಣಗಲು ಬಿಡಬೇಕು. ಕೊಳೆ ಕಂಡರೆ, ಅಥವಾ ಭೇದಿಯ ಮಗುವನ್ನು ಮುಟ್ಟಿದ್ದರೆ, ಸಾಬೂನು ನೀರೇ ಬೇಕು, ಒಟ್ಟು 40ರಿಂದ 60 ಸೆಕೆಂಡು. ಭೇದಿ ತರುವ ಕೆಲವು ವೈರಸ್‌ಗಳ ಮೇಲೆ ಆಲ್ಕೋಹಾಲಿನ ಪ್ರಭಾವ ಕಡಿಮೆ, ಕೆಲವು ಬ್ಯಾಕ್ಟೀರಿಯಾಗಳು ತಳೆಯುವ ಗಟ್ಟಿ ಕವಚದ ರೂಪವಾದ ಬೀಜಕಗಳ ಮೇಲೆ ಇಲ್ಲವೇ ಇಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಬಿಡುವ ಜಾಗ ಹೆಬ್ಬೆರಳು ಮತ್ತು ಬೆರಳ ತುದಿ. ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆಯಾದ ಕ್ಯಾನುಲಾವನ್ನು ಹಿಡಿಯುವುದು ಇವೇ ಬೆರಳುಗಳು.

ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಬಾರದ ಹೊತ್ತು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಆಗ ಬಕೆಟ್ಟಿನಲ್ಲಿ ನೀರಿಟ್ಟು ಅದೇ ಮಗ್ಗನ್ನು ಎಲ್ಲರೂ ಅದ್ದುತ್ತಾ ಹೋದರೆ ಮೊದಲನೆಯವರ ಕೈಯ ಕೊಳೆ ಕೊನೆಯವರವರೆಗೆ ಬರುತ್ತದೆ. ಕೆಳಗೆ ನಲ್ಲಿ ಇರುವ ಡ್ರಮ್ಮಿನಿಂದ ಹರಿಯುವ ನೀರನ್ನು ಬಳಸುವುದು, ಅದೂ ಇಲ್ಲವಾದರೆ ಒಬ್ಬರು ಮೇಲಿಂದ ನೀರು ಹನಿಸಿ ಇನ್ನೊಬ್ಬರು ತೊಳೆದುಕೊಳ್ಳುವುದು ಸರಿಯಾದ ಕ್ರಮ. ಗೋಡೆಗೆ ನೇತು ಹಾಕಿದ ಒಂದೇ ಟವಲ್ಲಿಗೆ ಎಲ್ಲರೂ ಕೈ ಒರೆಸಿದರೆ ತೊಳೆದದ್ದು ವ್ಯರ್ಥ. ನಲವತ್ತು ಡಿಗ್ರಿ ದಾಟುವ ಸೆಕೆಯಲ್ಲಿ ಹ್ಯಾಂಡ್‌ರಬ್ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಆಲ್ಕೋಹಾಲ್ ಆವಿಯಾಗಿ ಹೋಗುತ್ತದೆ. ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಿಂದಲೂ ಬೆಂಕಿ ಕಿಡಿಯಿಂದಲೂ ದೂರ ಇಡಬೇಕು.

ಕೈಗವಸಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಗ್ಲೌಸ್ ಹಾಕಿಕೊಂಡ ವಿದ್ಯಾರ್ಥಿ ತನ್ನ ಕೈ ಶುದ್ಧವಾಗಿದೆ ಎಂದು ನಂಬಿ, ಅದೇ ಗ್ಲೌಸಿನಲ್ಲಿ ಮೂರು ಹಾಸಿಗೆ ಸುತ್ತುವುದನ್ನು ಯಾವ ವಾರ್ಡಿನಲ್ಲೂ ಕಾಣಬಹುದು. ಹಾಗೆ ಮಾಡುವುದಕ್ಕಿಂತ ಬರಿಗೈಯಲ್ಲಿ ಪ್ರತಿ ಹಾಸಿಗೆಗೂ ಹ್ಯಾಂಡ್‌ರಬ್ ಹಾಕಿಕೊಂಡು ಹೋಗುವುದು ಎಷ್ಟೋ ಮೇಲು. ಒಂದು ಮಗುವಿಗೆ ಒಂದು ಜೋಡಿ, ಹಾಕುವ ಮೊದಲೂ ತೆಗೆದ ಮೇಲೂ ಕೈಶುದ್ಧಿ.

ಸೂಜಿ, ಕ್ಯಾನುಲಾ, ಬಾಟಲಿ

ಮಕ್ಕಳ ವಾರ್ಡಿನ ಅತ್ಯಂತ ದೊಡ್ಡ ಪ್ರಲೋಭನೆ ಇಲ್ಲಿದೆ. ಔಷಧದ ವಯಲ್‌ಗಳು ಹೆಚ್ಚಾಗಿ ದೊಡ್ಡವರ ಅಳತೆಯವು. ಮಗುವಿನ ಡೋಸ್ ಅದರ ತೂಕದ ಲೆಕ್ಕದ್ದು. ಒಂದು ಗ್ರಾಂ ಆಂಟಿಬಯಾಟಿಕ್ ವಯಲ್‌ನಿಂದ ಆರು ಕೆಜಿ ಮಗುವಿಗೆ ಕೊಟ್ಟ ಮೇಲೆ ಉಳಿಯುವ ಪಾಲನ್ನು ಕಂಡು 'ಪಕ್ಕದ ಮಗುವಿಗೂ ಇದೇ ಔಷಧ ಇದೆಯಲ್ಲ' ಎನ್ನಿಸುವುದು ಸಹಜ. ಒಂದೇ ಬಾರಿಯ ಬಳಕೆಗೆಂದು ತಯಾರಾದ ವಯಲ್‌ನಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಸಾಮಾನ್ಯವಾಗಿ ಇರುವುದಿಲ್ಲ. ಹಲವು ಬಾರಿ ಸೂಜಿ ಚುಚ್ಚಿದ, ಸೆಕೆಯಲ್ಲಿ ಟ್ರೇಯಲ್ಲೇ ಕುಳಿತ ಆ ದ್ರವದಲ್ಲಿ ಒಂದು ಜೀವಾಣು ಸೇರಿದರೆ ಅದು ನೇರವಾಗಿ ಹಲವು ಮಕ್ಕಳ ರಕ್ತಕ್ಕೆ ಹೋಗುತ್ತದೆ. ಉಳಿದದ್ದನ್ನು ಬಳಸಬೇಕೇ ಬೇಡವೇ ಎಂಬುದು ಔಷಧದ ಪತ್ರಕವೂ ಆಸ್ಪತ್ರೆಯ ಲಿಖಿತ ನಿಯಮವೂ ಹೇಳಬೇಕಾದ ಮಾತು, ವಿದ್ಯಾರ್ಥಿಯ ಉಳಿತಾಯ ಬುದ್ಧಿ ಹೇಳುವಂಥದ್ದಲ್ಲ. ಹಲವು ಡೋಸ್‌ಗಳ ವಯಲ್ ಆದರೆ ತೆರೆದ ದಿನಾಂಕ ಮತ್ತು ಹೊತ್ತನ್ನು ಅದರ ಮೇಲೆ ಬರೆಯಿರಿ. ತಯಾರಕರು ಬೇರೆ ಹೇಳಿರದಿದ್ದರೆ 28 ದಿನ ಅದರ ಮಿತಿ.

ಇದಕ್ಕಿಂತಲೂ ಸಾಮಾನ್ಯವಾದ ದೃಶ್ಯ, ಪುಡಿ ಔಷಧ ಕರಗಿಸಲೆಂದೋ ಕ್ಯಾನುಲಾ ಫ್ಲಶ್ ಮಾಡಲೆಂದೋ, ಅಂದರೆ ಸಲೈನ್ ಹಾಯಿಸಿ ತೊಳೆಯಲೆಂದೋ, ಒಂದು ದೊಡ್ಡ ಸಲೈನ್ ಬಾಟಲಿಗೆ ಸೂಜಿ ಚುಚ್ಚಿ, ಅದನ್ನು ಅಲ್ಲೇ ಬಿಟ್ಟು, ದಿನವಿಡೀ ಎಲ್ಲ ಮಕ್ಕಳಿಗೂ ಅದರಿಂದಲೇ ಎಳೆದುಕೊಳ್ಳುವುದು. ಆ ಸೂಜಿ ಬಾಟಲಿಯೊಳಗೆ ಗಾಳಿಗೂ ಕೈಗೂ ತೆರೆದಿಟ್ಟ ದಾರಿ. ಫ್ಲಶ್‌ಗೆ ಚಿಕ್ಕ ಆಂಪೂಲ್‌ಗಳನ್ನು ಬಳಸಿ, ಒಂದು ಸೂಜಿ, ಒಂದು ಸಿರಿಂಜ್, ಒಂದು ಮಗು, ಒಂದೇ ಬಾರಿ ಎಂಬುದನ್ನು ಎಲ್ಲಿಯೂ ಸಡಿಲಿಸಬೇಡಿ. ಸೂಜಿ ಮಾತ್ರ ಬದಲಿಸಿ ಸಿರಿಂಜ್ ಉಳಿಸಿಕೊಳ್ಳುವುದೂ ತಪ್ಪೇ.

ಕ್ಯಾನುಲಾ ಹಾಕುವಾಗ ಮಗು ಅಳುತ್ತದೆ, ಒದೆಯುತ್ತದೆ, ಕೈ ಸಿಗುವುದಿಲ್ಲ; ಆ ಗಡಿಬಿಡಿಗೆ ಮೊದಲೇ ಅಂಟುಪಟ್ಟಿಗಳನ್ನು ಕತ್ತರಿಸಿ ಮಂಚದ ಕಂಬಿಗೋ, ಟ್ರಾಲಿಯ ಅಂಚಿಗೋ, ಸಮವಸ್ತ್ರದ ಮೇಲೆಯೋ ಅಂಟಿಸಿಟ್ಟುಕೊಳ್ಳುವ ರೂಢಿ ಎಲ್ಲ ಕಡೆಯೂ ಇದೆ. ಕಂಬಿಯ ಮೇಲಿನ ಜೀವಾಣುಗಳು ಆ ಪಟ್ಟಿಯ ಜೊತೆಗೆ ಸೂಜಿ ಚುಚ್ಚಿದ ಜಾಗಕ್ಕೇ ಬಂದು ಕೂರುತ್ತವೆ. ಶುದ್ಧ ಟ್ರೇಯೊಳಗಿನ ಸ್ಟೆರೈಲ್ ಹೊದಿಕೆಯ ಅಂಚಿಗೆ ಅಂಟಿಸಿದರೆ ಈ ತೊಂದರೆ ಇಲ್ಲ. ಚರ್ಮವನ್ನು ಆಂಟಿಸೆಪ್ಟಿಕ್‌ನಿಂದ ಒರೆಸಿ ಒಣಗುವವರೆಗೆ ಕಾಯಿರಿ, ಒರೆಸಿದ ಮೇಲೆ ರಕ್ತನಾಳ ಹುಡುಕಲು ಮತ್ತೆ ಬೆರಳಿಟ್ಟು ಒತ್ತಬೇಡಿ. ತಿಂಗಳು ತುಂಬದ ಕೂಸುಗಳ ಚರ್ಮ ಕ್ಲೋರ್‌ಹೆಕ್ಸಿಡಿನ್ ಎಂಬ ಆಂಟಿಸೆಪ್ಟಿಕ್‌ನಿಂದ ಸುಟ್ಟಂತಾಗುವ ಸಾಧ್ಯತೆ ಇರುವುದರಿಂದ ಅಲ್ಲಿ ಯಾವುದನ್ನು ಬಳಸಬೇಕೆಂದು ಘಟಕದ ಸಿಸ್ಟರನ್ನು ಕೇಳಿಯೇ ಮುಂದುವರಿಯಿರಿ. ಔಷಧ ಕೊಡುವ ಪ್ರತಿ ಬಾರಿಯೂ ಕ್ಯಾನುಲಾದಲ್ಲಿ ಸಿರಿಂಜ್ ಜೋಡಿಸುವ ತುದಿಯಾದ ಹಬ್ ಅನ್ನು ಆಲ್ಕೋಹಾಲ್ ಸ್ವಾಬ್‌ನಿಂದ 15 ಸೆಕೆಂಡು ತಿಕ್ಕಿ ಒಣಗಲು ಬಿಡಬೇಕು. 15 ಸೆಕೆಂಡು ಎಷ್ಟು ದೀರ್ಘ ಎಂಬುದು ಗಡಿಯಾರ ನೋಡುತ್ತಾ ತಿಕ್ಕಿದವರಿಗೇ ಗೊತ್ತಾಗುವುದು. ಒಮ್ಮೆ ಹಾಗೆ ಮಾಡಿ ನೋಡಿ.

ಮಕ್ಕಳಲ್ಲಿ ಚೆನ್ನಾಗಿರುವ ಕ್ಯಾನುಲಾವನ್ನು ದಿನ ಎಣಿಸಿ ಬದಲಿಸಬೇಕಿಲ್ಲ, ಆದರೆ ಪ್ರತಿ ಶಿಫ್ಟಿನಲ್ಲೂ ಆ ಜಾಗವನ್ನು ಕಣ್ಣಿಂದ ನೋಡಬೇಕು. ಕೆಂಪು, ಊತ, ಬಿಸಿ, ರಕ್ತನಾಳ ಗಟ್ಟಿ ಎಳೆಯಂತಾಗುವುದು, ಕೀವು, ಮುಟ್ಟಿದರೆ ಚೀರುವುದು, ಇವುಗಳಲ್ಲಿ ಯಾವುದು ಕಂಡರೂ ಸಿಸ್ಟರಿಗೆ ಹೇಳಿ ತೆಗೆಸಬೇಕು. ಪಟ್ಟಿ, ಹಲಗೆ, ಬ್ಯಾಂಡೇಜುಗಳ ಅಡಿಯಲ್ಲಿ ಜಾಗವೇ ಕಾಣದಂತೆ ಸುತ್ತಿದ್ದರೆ ನೋಡುವುದು ಹೇಗೆ? ಸೂಜಿಯ ತುದಿಯ ಮೇಲಿನ ಚರ್ಮ ಕಾಣುವಂತೆ ಕಟ್ಟುವುದೂ ಸೋಂಕು ನಿಯಂತ್ರಣವೇ. ಮತ್ತು ಪ್ರತಿ ಬೆಳಿಗ್ಗೆ ಕೇಳಬೇಕಾದ ಮಾತೊಂದಿದೆ: ಈ ಮಗು ಬಾಯಿಂದ ಔಷಧ ತೆಗೆದುಕೊಳ್ಳುತ್ತಿದೆಯಲ್ಲ, ಇನ್ನೂ ಕ್ಯಾನುಲಾ ಬೇಕೇ?

ಇತರ ಕೊಳವೆಗಳ ವಿಷಯ ಚಿಕ್ಕದಾಗಿ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮಗುವನ್ನು ಸ್ಕ್ಯಾನಿಂಗ್‌ಗೆ ಒಯ್ಯುವಾಗ ಚೀಲವನ್ನು ಹೊಟ್ಟೆಯ ಮೇಲಿಡುವುದು ಅಭ್ಯಾಸಬಲದಿಂದ ಆಗುವ ತಪ್ಪು. ಆಮ್ಲಜನಕವನ್ನು ತೇವಗೊಳಿಸುವ ಬಾಟಲಿಗೆ (ಹ್ಯುಮಿಡಿಫೈಯರ್) ನಲ್ಲಿ ನೀರು ತುಂಬಬಾರದು, ಸ್ಟೆರೈಲ್ ನೀರನ್ನು ದಿನವೂ ಬದಲಿಸಬೇಕು, ಉಳಿದ ನೀರಿನ ಮೇಲೆಯೇ ಹೊಸದನ್ನು ಸುರಿಯಬಾರದು. ವೆಂಟಿಲೇಟರಿನಲ್ಲಿರುವ ಮಗುವಿನ ತಲೆಯ ಭಾಗವನ್ನು, ವೈದ್ಯರು ಬೇಡವೆಂದಿರದಿದ್ದರೆ, 30ರಿಂದ 45 ಡಿಗ್ರಿ ಎತ್ತರಿಸಿ ಬಾಯಿಯನ್ನು ಶುಚಿಯಾಗಿಡಬೇಕು.

ಹಾಸಿಗೆಯಿಂದ ಹಾಸಿಗೆಗೆ ಹೋಗುವ ವಸ್ತುಗಳು

ವೈಟಲ್ಸ್, ಅಂದರೆ ನಾಡಿ, ಉಸಿರು, ಜ್ವರ, ಬಿಪಿ, ತೆಗೆದುಕೊಳ್ಳುವುದು ವಿದ್ಯಾರ್ಥಿಗಳ ನಿತ್ಯದ ಕೆಲಸ. ಒಂದೇ ಪಲ್ಸ್ ಆಕ್ಸಿಮೀಟರ್ ಪ್ರೋಬ್, ಒಂದೇ ಥರ್ಮಾಮೀಟರ್, ಒಂದೇ ಬಿಪಿ ಪಟ್ಟಿ, ಸಾಲಾಗಿ ಇಪ್ಪತ್ತು ಮಕ್ಕಳು. ಕೈ ತೊಳೆದರೂ ಈ ವಸ್ತುಗಳು ತೊಳೆದುಕೊಳ್ಳುವುದಿಲ್ಲ. ಜೇಬಿನಲ್ಲಿ ಆಲ್ಕೋಹಾಲ್ ಸ್ವಾಬ್‌ಗಳಿರಲಿ, ಪ್ರತಿ ಮಗುವಿನ ನಂತರ ಪ್ರೋಬ್, ಥರ್ಮಾಮೀಟರ್, ಸ್ಟೆತೊಸ್ಕೋಪಿನ ಬಿಲ್ಲೆ ಒರೆಸಿ. ತೋಳಿನ ಸುತ್ತಳತೆಯ ಪಟ್ಟಿ, ತೂಕದ ತಟ್ಟೆ ಇವುಗಳನ್ನು ಒರೆಸುವುದು ಯಾರ ಕೆಲಸ ಎಂಬುದು ನಿರ್ಧಾರವಾಗದೆಯೇ ಉಳಿದಿರುತ್ತದೆ, ಹಾಗಾಗಿ ಅದನ್ನು ನಿಮ್ಮ ಕೆಲಸವೆಂದೇ ತಿಳಿಯಿರಿ. ನೆಬ್ಯುಲೈಜರ್ ಮಾಸ್ಕ್ ಪ್ರತಿ ಮಗುವಿಗೂ ಬೇರೆಯಾಗಿರಬೇಕು, ತೊಳೆದು ಒಣಗಿಸಿ ಹೆಸರು ಬರೆದು ಇಡಬೇಕು. ನಿಮ್ಮ ಮೊಬೈಲ್ ಫೋನು ಡ್ಯೂಟಿಯ ನಡುವೆ ಹೊರಬಂದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ.

ಕೆಲಸದ ಸರದಿಯನ್ನು ಜೋಡಿಸಿಕೊಂಡರೆ ಅರ್ಧ ಅಪಾಯ ಕಡಿಮೆಯಾಗುತ್ತದೆ. ಹೊಸದಾಗಿ ಹುಟ್ಟಿದ, ಶಸ್ತ್ರಚಿಕಿತ್ಸೆಯಾದ, ಅಪೌಷ್ಟಿಕತೆಯ ಮಕ್ಕಳನ್ನು ಮೊದಲು ನೋಡಿ, ಭೇದಿಯ ಮತ್ತು ಕೀವು ಗಾಯದ ಮಕ್ಕಳನ್ನು ಕೊನೆಗೆ ಇಟ್ಟುಕೊಳ್ಳಿ. ಡ್ರೆಸ್ಸಿಂಗ್‌ನಲ್ಲಿಯೂ ಶುದ್ಧ ಗಾಯ ಮೊದಲು, ಸೋಂಕಿನ ಗಾಯ ಆಮೇಲೆ. ದಡಾರ ಮತ್ತು ಚಿಕನ್‌ಪಾಕ್ಸ್ ಗಾಳಿಯಿಂದ ಹರಡುವಂಥವು. ದಡಾರದ ವೈರಸ್ ಮಗು ಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನಗಳವರೆಗೆ ಆ ಮಗು ಇತರರಿಗೆ ಹರಡುತ್ತದೆ. ಆದ್ದರಿಂದ ಜ್ವರ ಮತ್ತು ದದ್ದು ಇರುವ ಮಗು ಹೊರರೋಗಿ ವಿಭಾಗದಲ್ಲಿ ಕಂಡಾಗಲೇ ಬೇರೆ ಕೂರಿಸಿ ತಿಳಿಸಬೇಕು, ವಾರ್ಡಿನ ನಡುವಿನ ಹಾಸಿಗೆಗೆ ಬಂದ ಮೇಲೆ ಅಲ್ಲ. ನೆಗಡಿ ಕೆಮ್ಮಿನ ಮಕ್ಕಳ ನಡುವೆ ಕನಿಷ್ಠ ಒಂದು ಮೀಟರ್ ಅಂತರ ಬೇಕು. ಒಂದು ಮಂಚಕ್ಕೆ ಇಬ್ಬರು ಮಕ್ಕಳನ್ನು ಮಲಗಿಸುವಷ್ಟು ಜನದಟ್ಟಣೆ ಇರುವ ದಿನಗಳಲ್ಲಿ ಈ ಮಾತು ಓದುವವರಿಗೆ ಸಿಟ್ಟು ಬರಬಹುದು. ಅಂಥ ದಿನವೂ ಭೇದಿಯ ಮಗುವನ್ನು ಭೇದಿಯ ಮಗುವಿನ ಜೊತೆಗೇ ಮಲಗಿಸುವಷ್ಟು ಆಯ್ಕೆ ಇರುತ್ತದೆ.

ತಾಯಿ, ಅಜ್ಜಿ ಮತ್ತು ಬಂದು ಹೋಗುವ ನೆಂಟರು

ಮಕ್ಕಳ ವಾರ್ಡಿನಲ್ಲಿ ಮಗುವನ್ನು ಎಲ್ಲರಿಗಿಂತ ಹೆಚ್ಚು ಮುಟ್ಟುವವರು ತಾಯಿ. ಅವರಿಗೆ ಕೈ ತೊಳೆಯುವುದನ್ನು ಕಲಿಸದ ಸೋಂಕು ನಿಯಂತ್ರಣ ಅರೆಬರೆಯದು. ಕಲಿಸುವಾಗ ಪುಸ್ತಕದ ಕನ್ನಡ ಬೇಡ. 'ಯವ್ವಾ, ಕೂಸಿಗಿ ಮುಟ್ಟೋಕಿಂತ ಮೊದಲ ಕೈ ಸಾಬೂನ ಹಚ್ಚಿ ತೊಳಕೋರಿ' ಎಂದು ಹೇಳಿ, ನೀವೂ ಅವರ ಮುಂದೆಯೇ ತೊಳೆದು ತೋರಿಸಿದರೆ ಮಾತು ನಿಲ್ಲುತ್ತದೆ. ನಮ್ಮ ವಾರ್ಡುಗಳಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತನಾಡುವ ತಾಯಂದಿರೂ ಇರುತ್ತಾರೆ. ಈ ಒಂದು ವಾಕ್ಯವನ್ನು ಆ ಭಾಷೆಗಳಲ್ಲಿ ಸಹಪಾಠಿಗಳಿಂದ ಕಲಿತುಕೊಂಡು ಪೋಸ್ಟಿಂಗ್‌ಗೆ ಹೋಗುವುದು ಒಂದು ಚಾರ್ಟ್ ಬರೆಯುವುದಕ್ಕಿಂತ ಉಪಯುಕ್ತ. ಊಟಕ್ಕೆ ಮೊದಲು, ಮಗುವಿನ ಮಲ ತೊಳೆದ ಮೇಲೆ, ಹಾಲುಣಿಸುವ ಮೊದಲು, ಪಕ್ಕದ ಮಗುವನ್ನು ಎತ್ತಿಕೊಂಡ ಮೇಲೆ ಎಂದು ಬಿಡಿಸಿ ಹೇಳಿ. ಪಕ್ಕದವರ ಕೂಸು ಅತ್ತರೆ ಎತ್ತಿಕೊಳ್ಳುವುದು ನಮ್ಮ ಜನರ ಒಳ್ಳೆಯ ಗುಣ, ವಾರ್ಡಿನಲ್ಲಿ ಅದೇ ಸೋಂಕಿನ ದಾರಿಯೂ ಹೌದು. ಇದನ್ನು ಬೈದು ಬಿಡಿಸಲಾಗದು, ಕಾರಣ ಹೇಳಿ ಬಿಡಿಸಬೇಕು.

ಕೂಸಿನ ಕಣ್ಣಿಗೆ ಕಾಡಿಗೆ, ಹೊಕ್ಕುಳಿಗೆ ಎಣ್ಣೆ ಅಥವಾ ಬೂದಿ ಹಚ್ಚುವುದನ್ನು ಕಂಡರೆ ಅಜ್ಜಿಯ ಜೊತೆ ಗೌರವದಿಂದ ಮಾತನಾಡಿ: ಹೊಕ್ಕುಳನ್ನು ಒಣಗಿಸಿಡುವುದೇ ಅದಕ್ಕೆ ಔಷಧ. ಕೈಯ ದಾರ ಕ್ಯಾನುಲಾ ಹಾಕುವ ಜಾಗದಲ್ಲಿದ್ದರೆ ಕತ್ತರಿಸಿ ಬಿಸಾಡದೆ, ಬಿಚ್ಚಿ ಅವರ ಕೈಗೇ ಕೊಟ್ಟರೆ ಜಗಳವಿಲ್ಲದೆ ಕೆಲಸ ಆಗುತ್ತದೆ. ತಾಯಿಯ ಹಾಲು ಸೋಂಕಿನಿಂದ ಕಾಯುತ್ತದೆ, ನಿಪ್ಪಲ್ ಇರುವ ಹಾಲಿನ ಬಾಟಲಿ ಸೋಂಕನ್ನು ತರುತ್ತದೆ. ಎದೆಗೆ ಹಚ್ಚಲಾಗದ ಕೂಸಿಗೆ ಕುದಿಸಿದ ಬಟ್ಟಲು ಚಮಚೆಯಿಂದಲೋ ಒಳಲೆಯಿಂದಲೋ ಕುಡಿಸಬೇಕು. ಹಿಂಡಿಟ್ಟ ಹಾಲನ್ನು ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಹೊರಗಿಡುವ ಧೈರ್ಯ ಬೇಡ, ಹೆಸರು ಮತ್ತು ಹೊತ್ತು ಬರೆದು ಫ್ರಿಜ್‌ನಲ್ಲಿಡಿ. ನೋಡಲು ಬರುವ ನೆಂಟರಲ್ಲಿ ನೆಗಡಿ ಜ್ವರ ಇರುವವರನ್ನು ತಡೆಯುವುದು ವಿದ್ಯಾರ್ಥಿಯೊಬ್ಬರಿಂದ ಆಗದು. ಅದನ್ನು ತಾಯಿಯ ಮೂಲಕ ಹೇಳಿಸಿದರೆ ಬೇಗ ನಡೆಯುತ್ತದೆ.

ದ್ರಾವಣದ ಲೆಕ್ಕ ಮತ್ತು ಕಸದ ಬಣ್ಣ

ರಕ್ತವೋ ವಾಂತಿಯೋ ಚೆಲ್ಲಿದಾಗ ಬಳಸುವುದು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್. ಕ್ಯಾನಿನ ಮೇಲೆ ಶೇಕಡಾ 5 ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಶೇಕಡಾ 10 ಎಂದಿದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಲೇಬಲ್ ಓದದೆ ಅಂದಾಜಿಗೆ ಬೆರೆಸಿದ್ದು ಒಂದೋ ಕೆಲಸ ಮಾಡುವುದಿಲ್ಲ, ಇಲ್ಲವೇ ಕಣ್ಣು ಉರಿಸುತ್ತದೆ. ಬಿಸಿಲು ಮತ್ತು ಸೆಕೆಗೆ ಅದರ ಶಕ್ತಿ ಕುಂದುವುದರಿಂದ ದಿನವೂ ಹೊಸದಾಗಿ ಮಾಡಬೇಕು. ಗ್ಲೌಸ್ ಹಾಕಿಕೊಂಡು, ಚೆಲ್ಲಿದ್ದರ ಮೇಲೆ ಹೀರುವ ಬಟ್ಟೆ ಮುಚ್ಚಿ, ದ್ರಾವಣ ಸುರಿದು ಕನಿಷ್ಠ ಹತ್ತು ನಿಮಿಷ ಬಿಟ್ಟು, ತೆಗೆದು ಹಳದಿ ಚೀಲಕ್ಕೆ ಹಾಕಿ, ಆಮೇಲೆ ನೆಲ ಒರೆಸುವುದು ಕ್ರಮ. ವಾರ್ಡಿನಲ್ಲಿ ಒಣ ಪೊರಕೆಯಿಂದ ಗುಡಿಸಬಾರದು, ಧೂಳಿನ ಜೊತೆ ಜೀವಾಣುಗಳೂ ಏಳುತ್ತವೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಕ್ತ, ಕೀವು ತಗುಲಿದ ಹತ್ತಿ ಬಟ್ಟೆ ಹಳದಿಗೆ. ಸಲೈನ್ ಕೊಳವೆ, ಕ್ಯಾಥೆಟರ್, ಸೂಜಿ ತೆಗೆದ ಸಿರಿಂಜ್, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚದ ಬಿಳಿ ಡಬ್ಬಿಗೆ. ಗಾಜಿನ ಆಂಪೂಲ್, ವಯಲ್ ನೀಲಿಗೆ. ಮಕ್ಕಳ ವಾರ್ಡಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಹಾಸಿಗೆಯ ಮೇಲೆ ಮರೆತ ಸೂಜಿ. ಅದು ಮೊದಲು ಸಿಗುವುದು ಮಗುವಿನ ಕೈಗೆ. ಸೂಜಿಗೆ ಮುಚ್ಚಳ ಮತ್ತೆ ಹಾಕಬೇಡಿ. ನಿಮಗೇ ಚುಚ್ಚಿದರೆ ಹಿಂಡದೆ, ಸಾಬೂನು ನೀರಿನಲ್ಲಿ ತೊಳೆದು, ತಕ್ಷಣ ಸಿಸ್ಟರಿಗೂ ಟ್ಯೂಟರಿಗೂ ತಿಳಿಸಿ. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಎರಡು ಗಂಟೆಯೊಳಗೆ ಶುರುವಾಗುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುವ ವಿಷಯ ಇದಲ್ಲ.

ಅರಿವನ್ನು ಅಳೆಯುವುದು

ಈ ವಿಷಯವನ್ನೇ ಸಂಶೋಧನಾ ಪ್ರಾಜೆಕ್ಟಿಗೆ ಆರಿಸಿಕೊಳ್ಳುವ ಗುಂಪುಗಳಿಗೆ ಒಂದು ಮಾತು. ಮೂವತ್ತು ಪ್ರಶ್ನೆಗಳ ಬಹುಆಯ್ಕೆ ಪತ್ರಿಕೆ ಹಂಚಿ, ಅಂಕಗಳನ್ನು ಉತ್ತಮ, ಸಾಧಾರಣ, ಕಡಿಮೆ ಎಂದು ವಿಂಗಡಿಸಿದರೆ ನಿಮಗೆ ತಿಳಿಯುವುದು ಯಾರಿಗೆ ಏನು ನೆನಪಿದೆ ಎಂಬುದಷ್ಟೇ. ಅದರ ಜೊತೆ ವಾರ್ಡಿನಲ್ಲಿ ವೀಕ್ಷಣೆಯನ್ನೂ ಸೇರಿಸಿ: ಅನುಮತಿ ಪಡೆದು, ಹೆಸರು ಬರೆಯದೆ, ಒಮ್ಮೆಗೆ ಸುಮಾರು 20 ನಿಮಿಷ, ಕೈಶುದ್ಧಿ ಬೇಕಿದ್ದ ಸಂದರ್ಭಗಳೆಷ್ಟು, ಆದದ್ದೆಷ್ಟು ಎಂದು ಗೆರೆ ಎಳೆಯುತ್ತಾ ಎಣಿಸುವುದು. ನೋಡುತ್ತಿದ್ದಾರೆಂದು ಗೊತ್ತಾದರೆ ಎಲ್ಲರೂ ಹೆಚ್ಚು ತೊಳೆಯುತ್ತಾರೆ, ಆದ್ದರಿಂದ ಮೊದಲ ದಿನದ ಎಣಿಕೆಯನ್ನು ಪೂರ್ತಿ ನಂಬಬೇಡಿ. ಪ್ರಶ್ನೆಗಳನ್ನೂ ಸನ್ನಿವೇಶದ ರೂಪದಲ್ಲಿ ಕೇಳಿ. 'ಆಸ್ಪತ್ರೆ ಸೋಂಕು ಎಂದರೇನು' ಎನ್ನುವ ಬದಲು 'ಮಾನಿಟರಿನ ಅಲಾರಂ ನಿಲ್ಲಿಸಿದ ನೀವು ಈಗ ಹಬ್ ತೆರೆಯಬೇಕು, ಮುಂದೇನು ಮಾಡುವಿರಿ' ಎಂದು ಕೇಳಿದರೆ ಉತ್ತರದಲ್ಲಿ ವಾರ್ಡು ಕಾಣುತ್ತದೆ.

ಗುರುತಿಸಿ ತಿಳಿಸುವುದು

ಎಷ್ಟು ಜಾಗ್ರತೆ ಮಾಡಿದರೂ ಕೆಲವು ಮಕ್ಕಳಿಗೆ ಸೋಂಕು ಆಗುತ್ತದೆ, ಆಗ ಮೊದಲು ಗಮನಿಸುವುದು ಮಗುವಿನ ಬಳಿ ಹೆಚ್ಚು ಹೊತ್ತು ಇರುವ ವಿದ್ಯಾರ್ಥಿಯೇ. ನವಜಾತ ಶಿಶುವಿನಲ್ಲಿ ಜ್ವರಕ್ಕಾಗಿ ಕಾಯಬಾರದು. ನಿನ್ನೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಇಂದು ಎದೆ ಬಿಟ್ಟರೆ, ಮುಟ್ಟಿದಾಗ ಮಾತ್ರ ಅಲುಗಾಡಿದರೆ, ಮೈ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ನರಳಿದರೆ, ಫಿಟ್ಸ್ ಬಂದರೆ ಆ ಕ್ಷಣವೇ ತಿಳಿಸಬೇಕು. ತೀವ್ರ ಅಪೌಷ್ಟಿಕತೆಯ ಮಗುವಿನಲ್ಲಿಯೂ ಮೈ ತಣ್ಣಗಾಗುವುದು, ರಕ್ತದ ಸಕ್ಕರೆ ಇಳಿಯುವುದು ಸೋಂಕಿನ ಸೂಚನೆಯಾಗಿರಬಹುದು. 'ಮಗು ಯಾಕೋ ಸರಿಯಿಲ್ಲ' ಎಂದು ತಾಯಿ ಹೇಳಿದರೆ ಅದನ್ನು ಒಂದು ಲಕ್ಷಣವಾಗಿಯೇ ಎಣಿಸಿ.

ತಿಳಿಸುವ ಮಾತು ನಿಖರವಾಗಿರಲಿ. 'ಸಿಸ್ಟರ್, ಏಳನೇ ಬೆಡ್ಡಿನ ಮಗುವಿಗೆ ಸೇರಿದಾಗ ಜ್ವರ ಇರಲಿಲ್ಲ, ಇವತ್ತು ನಾಲ್ಕನೇ ದಿನ, ಬೆಳಿಗ್ಗೆ ಆರಕ್ಕೆ 38.6 ಡಿಗ್ರಿ ಇದೆ, ಬಲಗೈ ಕ್ಯಾನುಲಾ ಜಾಗ ಕೆಂಪಾಗಿದೆ, ಹಾಕಿ ಮೂರು ದಿನ ಆಯಿತು' ಎಂಬ ಒಂದು ವಾಕ್ಯದಲ್ಲಿ ಸೋಂಕು ನಿಯಂತ್ರಣ ನರ್ಸಿಗೆ ಬೇಕಾದದ್ದೆಲ್ಲ ಇದೆ. ದೊಡ್ಡವರು ಯಾರಾದರೂ ಕೈ ತೊಳೆಯದೆ ಮಗುವನ್ನು ಮುಟ್ಟಲು ಹೊರಟಾಗ ವಿದ್ಯಾರ್ಥಿ ಬಾಯಿಬಿಟ್ಟು ಹೇಳುವುದು ಕಷ್ಟ. 'ಸರ್, ಹ್ಯಾಂಡ್‌ರಬ್ ತಗೊಳ್ಳಿ' ಎಂದು ಬಾಟಲಿಯನ್ನು ಮುಂದೆ ಹಿಡಿದರೆ ಮಾತೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಶಿಫ್ಟ್ ಒಪ್ಪಿಸುವಾಗ ಔಷಧದ ಪಟ್ಟಿಯ ಜೊತೆಗೆ, ಯಾವ ಮಗುವಿಗೆ ಯಾವ ಕೊಳವೆ ಎಷ್ಟು ದಿನದಿಂದ ಇದೆ, ಯಾವ ಹಾಸಿಗೆಯ ಮಗು ಭೇದಿಯದು, ಯಾವ ಕಲ್ಚರ್ (ಜೀವಾಣು ಬೆಳೆಸಿ ನೋಡುವ ಪರೀಕ್ಷೆ) ವರದಿ ಇನ್ನೂ ಬರಬೇಕಿದೆ ಎಂಬುದನ್ನೂ ಹೇಳಿ, ಮುಂದಿನವರ ಕೈಯಲ್ಲಿ ಬರೆಸಿ.